ಜಾಲರಿಗಿಂತ ಮೊದಲು ಲೆಕ್ಕದ ಪುಸ್ತಕ: ಡೀಕನ್ ಲಾರೆನ್ಸರ ಸಾವಿನ ಪ್ರಕರಣ

258ರಲ್ಲಿ ರೋಮಿನಲ್ಲಿ ಸತ್ತ ಡೀಕನ್ ಸಂತ ಲಾರೆನ್ಸರ ಕಥೆ ಕೇಳಿದವರಿಗೆ ಮೂರು ಸಂಗತಿಗಳು ನೆನಪಿರುತ್ತವೆ. ಸಭೆಯ, ಅಂದರೆ ಕ್ರೈಸ್ತ ಸಮುದಾಯದ, ಸಂಪತ್ತನ್ನು ತಂದೊಪ್ಪಿಸು ಎಂದಾಗ ಅವರು ಬಡವರನ್ನು ಕರೆತಂದು ನಿಲ್ಲಿಸಿದರು. ಅವರನ್ನು ಕೆಂಡದ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಮಲಗಿಸಿ ಸುಟ್ಟರು. ‘ಈ ಮಗ್ಗುಲು ಬೆಂದಿದೆ, ಹೊರಳಿಸಿ ತಿನ್ನು’ ಎಂದು ಅವರು ಹೇಳಿದರು. ಈ ಮೂರೂ ಒಟ್ಟಾಗಿ ಬರಹದಲ್ಲಿ ಕಾಣಿಸಿಕೊಳ್ಳುವುದು ಅವರು ತೀರಿಕೊಂಡ ಸುಮಾರು ನೂರಮೂವತ್ತು ವರ್ಷಗಳ ಮೇಲೆ. ಅಷ್ಟಕ್ಕೇ ‘ಎಲ್ಲ ಕಟ್ಟುಕಥೆ’ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಅವಸರದ ತೀರ್ಪು. ದಾಖಲೆಗಳನ್ನು ಒಂದೊಂದಾಗಿ ಎದುರಿಟ್ಟುಕೊಂಡರೆ ಅವರು ಸತ್ತ ದಿನ ಮತ್ತು ಹೂಳಿದ ಜಾಗ ಗಟ್ಟಿಯಾಗಿ ನಿಲ್ಲುತ್ತವೆ. ಹಣದ ಕಥೆಗೆ ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚು ಆಧಾರವಿದೆ. ಜಾಲರಿಗೆ ಆಧಾರ ಕಡಿಮೆ, ಆದರೆ ಅದನ್ನು ಅಸಾಧ್ಯ ಎಂದೂ ಹೇಳುವಂತಿಲ್ಲ.

ಆಜ್ಞೆ ಏನಿತ್ತು

ರೋಮ್ ಚಕ್ರವರ್ತಿ ವಲೇರಿಯನ್ ಪಟ್ಟಕ್ಕೆ ಬಂದದ್ದು 253ರಲ್ಲಿ. ಮೊದಲ ಕೆಲವು ವರ್ಷ ಅವನು ಕ್ರೈಸ್ತರ ತಂಟೆಗೆ ಹೋಗಲಿಲ್ಲ. 257ರ ಆಗಸ್ಟ್‌ನಲ್ಲಿ ಮೊದಲ ಆಜ್ಞೆ ಹೊರಟಿತು: ಬಿಷಪ್‌ರೂ ಪುರೋಹಿತರೂ ರೋಮನ್ ದೇವರುಗಳಿಗೆ ಸಲ್ಲಬೇಕಾದ ವಿಧಿಗಳನ್ನು ಒಪ್ಪಿಕೊಳ್ಳಬೇಕು, ಕ್ರೈಸ್ತರು ಸಭೆ ಸೇರಬಾರದು, ತಮ್ಮ ಸ್ಮಶಾನಗಳಿಗೆ ಹೋಗಬಾರದು. ಒಪ್ಪದವರಿಗೆ ಗಡೀಪಾರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ ಹೀಗೆಯೇ ಕುರುಬಿಸ್ ಎಂಬ ಕಡಲೂರಿಗೆ ಗಡೀಪಾರಾದರು.

ಮರುವರ್ಷ ಎರಡನೆಯ ಆಜ್ಞೆ ಬಂತು. ವಲೇರಿಯನ್ ಆಗ ಪೂರ್ವದ ಗಡಿಯ ಕಡೆ ಇದ್ದ. ಪರ್ಷಿಯನ್ನರ ಜೊತೆ ಯುದ್ಧ, ಬರಿದಾಗುತ್ತಿದ್ದ ಖಜಾನೆ, ಬೆಳ್ಳಿಯ ಅಂಶ ಕಳೆದುಕೊಳ್ಳುತ್ತಿದ್ದ ನಾಣ್ಯ. ಅಲ್ಲಿಂದಲೇ ರೋಮಿನ ಸೆನೆಟ್‌ಗೆ ಬರೆದು ಕಳಿಸಿದ. ಇದರ ಸಾರಾಂಶ ನಮಗೆ ಸಿಕ್ಕಿರುವುದು ಸಿಪ್ರಿಯನ್‌ರ ಪತ್ರವೊಂದರಲ್ಲಿ. ಅವರು ರೋಮಿಗೆ ಜನ ಕಳಿಸಿ ಸುದ್ದಿ ತರಿಸಿ, ಸುಕ್ಸೆಸುಸ್ ಎಂಬ ಬಿಷಪ್‌ಗೆ ಬರೆದದ್ದು. ಸಿಪ್ರಿಯನ್‌ರ ಪತ್ರಸಂಗ್ರಹದಲ್ಲಿ ಅದು 80ನೆಯದು. ಅದರ ಪ್ರಕಾರ ಬಿಷಪ್, ಪುರೋಹಿತ, ಡೀಕನ್‌ಗಳಿಗೆ ತಕ್ಷಣ ಮರಣದಂಡನೆ. ಸೆನೆಟರ್‌ಗಳು, ಉನ್ನತ ಅಧಿಕಾರಿಗಳು, ಕುದುರೆಸವಾರ ವರ್ಗದ ಸಿರಿವಂತರು ಪದವಿ, ಆಸ್ತಿ ಕಳೆದುಕೊಳ್ಳಬೇಕು, ಆಮೇಲೂ ಕ್ರೈಸ್ತರಾಗಿಯೇ ಉಳಿದರೆ ತಲೆದಂಡ. ಕುಲೀನ ಹೆಂಗಸರಿಗೆ ಆಸ್ತಿ ಜಪ್ತಿ, ಗಡೀಪಾರು. ಅರಮನೆಯ ನೌಕರರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು, ಸಂಕೋಲೆ ತೊಡಿಸಿ ಅರಸೊತ್ತಿಗೆಯ ಜಮೀನುಗಳಿಗೆ ದುಡಿಯಲು ಕಳಿಸಬೇಕು.

ಸಾಮಾನ್ಯ ಕ್ರೈಸ್ತನ ಹೆಸರು ಈ ಪಟ್ಟಿಯಲ್ಲೇ ಇಲ್ಲ. ಸಭೆಯನ್ನು ನಡೆಸುವವರು ಮತ್ತು ಹಣವಿರುವವರು, ಇಬ್ಬರೇ ಗುರಿ. ಅದೇ ಪತ್ರದ ಮುಂದಿನ ಸಾಲುಗಳು ಲಾರೆನ್ಸರ ಪ್ರಕರಣಕ್ಕೆ ನೇರವಾಗಿ ಬೇಕಾದವು. ಆಗಸ್ಟ್ 6ರಂದು ಪೋಪ್ ಎರಡನೇ ಸಿಕ್ಸ್ತುಸ್‌ರನ್ನು ಸ್ಮಶಾನದಲ್ಲೇ ಕೊಂದರು, ಜೊತೆಗೆ ನಾಲ್ವರು ಡೀಕನ್‌ಗಳನ್ನು. ನಗರದ ಆಡಳಿತ ನಡೆಸುವ ಪ್ರಿಫೆಕ್ಟ್‌ಗಳು ದಿನವೂ ಇದೇ ಕೆಲಸದಲ್ಲಿದ್ದಾರೆ; ಹಿಡಿದು ತಂದವರನ್ನು ಕೊಲ್ಲಿಸಿ ಅವರ ಸೊತ್ತನ್ನು ಖಜಾನೆಗೆ ಸೇರಿಸುತ್ತಿದ್ದಾರೆ. ಲಾರೆನ್ಸರ ಹೆಸರು ಪತ್ರದಲ್ಲಿಲ್ಲ. ಸುದ್ದಿ ತಂದವರು ರೋಮ್ ಬಿಟ್ಟಾಗ ಅವರಿನ್ನೂ ಬದುಕಿದ್ದರೆಂದು ಇಟ್ಟುಕೊಂಡರೆ ಇದರಲ್ಲಿ ಆಶ್ಚರ್ಯವಿಲ್ಲ.

ಏಳು ಡೀಕನ್‌ಗಳು, ಒಂದೂವರೆ ಸಾವಿರ ಹೊಟ್ಟೆ

ಡೀಕನ್ ಎಂದರೆ ಪೂಜೆಗೆ ನಿಲ್ಲುವ ಸಹಾಯಕ ಎಂದಷ್ಟೇ ತಿಳಿದರೆ ಪ್ರಕರಣದ ಕೀಲಿಯೇ ಕೈತಪ್ಪುತ್ತದೆ. ಈ ಘಟನೆಗೆ ಏಳು ವರ್ಷ ಹಿಂದೆ, 251ರಲ್ಲಿ, ಪೋಪ್ ಕೊರ್ನೇಲಿಯುಸ್ ಅಂತಿಯೋಕದ ಬಿಷಪ್‌ಗೆ ಬರೆದ ಪತ್ರವೊಂದರಲ್ಲಿ ರೋಮ್ ಸಭೆಯ ತಲೆಲೆಕ್ಕ ಕೊಟ್ಟಿದ್ದಾರೆ. ಇತಿಹಾಸಕಾರ ಯೂಸೇಬಿಯುಸ್ ಅದನ್ನು ಉಳಿಸಿಕೊಟ್ಟಿದ್ದಾನೆ: 46 ಪುರೋಹಿತರು, 7 ಡೀಕನ್‌ಗಳು, 7 ಉಪಡೀಕನ್‌ಗಳು, 42 ಅಕೋಲಿತರು (ಪೂಜೆಯ ಸಹಾಯಕರು), ಭೂತೋಚ್ಚಾಟಕರು, ವಾಚಕರು ಮತ್ತು ದ್ವಾರಪಾಲಕರು ಸೇರಿ 52, ಸಭೆಯ ಆಶ್ರಯದಲ್ಲಿರುವ ವಿಧವೆಯರು ಮತ್ತು ನಿರ್ಗತಿಕರು 1500ಕ್ಕೂ ಹೆಚ್ಚು.

ಪುರೋಹಿತರು 46, ಡೀಕನ್‌ಗಳು ಏಳೇ. ಆ ಏಳು ಮಂದಿಯ ಕೈಯಲ್ಲಿ ಇದ್ದದ್ದು ಕಾಣಿಕೆಯ ಹಣ, ದವಸ, ಬಟ್ಟೆ, ಯಾರಿಗೆ ಎಷ್ಟು ಎಂಬ ಪಟ್ಟಿ, ಸ್ಮಶಾನಗಳ ಉಸ್ತುವಾರಿ. ಒಂದೂವರೆ ಸಾವಿರ ಜನರಿಗೆ ದಿನಾ ಊಟ ಒದಗಿಸುವ ಸಂಸ್ಥೆಯಲ್ಲಿ ಹಣ ಓಡಾಡುತ್ತದೆ ಎಂಬುದು ಪ್ರಿಫೆಕ್ಟ್‌ನ ಕಚೇರಿಗೆ ಗೊತ್ತಿರದ ವಿಷಯವೇನಲ್ಲ. ಆ ಹಣ ಎಲ್ಲಿದೆ ಎಂಬುದನ್ನು ಬಾಯಿಬಿಡಬಲ್ಲವರು ಬಿಷಪ್ ಮತ್ತು ಈ ಏಳು ಜನ.

ಇನ್ನು ‘ಸಂಪತ್ತು’ ಎಂದರೆ ಏನೇನಿರಬಹುದು? ರೋಮಿನ ಪಟ್ಟಿ ಉಳಿದಿಲ್ಲ. ಆದರೆ ಉತ್ತರ ಆಫ್ರಿಕದ ಸಿರ್ತಾ ಊರಿನ ಪಟ್ಟಿ ಉಳಿದಿದೆ. 303ರ ಮೇ 19ರಂದು, ಚಕ್ರವರ್ತಿ ಡಯೋಕ್ಲೀಷಿಯನ್ ಕಾಲದ ಕಿರುಕುಳದಲ್ಲಿ, ಅಧಿಕಾರಿಗಳು ಅಲ್ಲಿನ ಸಭೆಯ ಮನೆಗೆ ನುಗ್ಗಿ ಸಾಮಾನು ಬರೆಸಿಕೊಂಡರು. ಚಿನ್ನದ ಪಾನಪಾತ್ರೆ 2, ಬೆಳ್ಳಿಯದು 6, ಬೆಳ್ಳಿಯ ಹೂಜಿ 6, ಬೆಳ್ಳಿಯ ದೀಪ 7, ಸರಪಳಿಸಮೇತ ಕಂಚಿನ ದೀಪ 11. ಆಮೇಲೆ ಬರುವುದು ಬಟ್ಟೆ: ಹೆಂಗಸರ ನಿಲುವಂಗಿ 82, ಮುಸುಕಿನ ಬಟ್ಟೆ 38, ಗಂಡಸರ ನಿಲುವಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಬಡವರಿಗೆ ಹಂಚಲು ಇಟ್ಟದ್ದು ಎಂಬುದನ್ನು ಆ ಸಂಖ್ಯೆಗಳೇ ಹೇಳುತ್ತವೆ, ವಿಧವೆಯರೇ ಹೆಚ್ಚಿದ್ದರು ಎಂಬುದನ್ನೂ. ಒಂದು ಪ್ರಾಂತೀಯ ಊರಿನ ಸಭೆಯಲ್ಲಿ ಇಷ್ಟಿದ್ದರೆ ರಾಜಧಾನಿಯ ಸಭೆಯ ಮೇಲೆ ಕಣ್ಣು ಬಿದ್ದದ್ದು ಸಹಜ.

ಹಾಗಾದರೆ ಏಳು ಡೀಕನ್‌ಗಳಲ್ಲಿ ಆರು ಮಂದಿ ಆಗಸ್ಟ್ 6ರಂದೇ ಸತ್ತಾಗ ಲಾರೆನ್ಸರೊಬ್ಬರು 10ರವರೆಗೆ ಉಳಿದದ್ದು ಏಕೆ? (ಆರು ಹೇಗೆಂದರೆ: ಸಿಕ್ಸ್ತುಸ್‌ರ ಜೊತೆ ಜನುವಾರಿಯುಸ್, ಮಾಗ್ನುಸ್, ವಿನ್ಸೆಂತಿಯುಸ್, ಸ್ತೆಫಾನುಸ್ ಎಂಬ ನಾಲ್ವರು, ಅದೇ ದಿನದ ನೆನಪಿಗೆ ಸೇರಿದ, ಪ್ರೆತೆಕ್ಸ್ತಾತುಸ್ ಸ್ಮಶಾನದಲ್ಲಿ ಹೂಳಲಾದ ಫೆಲಿಸಿಸ್ಸಿಮುಸ್ ಮತ್ತು ಅಗಾಪಿತುಸ್.) ಆಜ್ಞೆ ‘ತಕ್ಷಣ’ ಎನ್ನುತ್ತದೆ. ಸ್ಮಶಾನದ ದಾಳಿಯಲ್ಲಿ ಅವರು ಇರಲಿಲ್ಲ, ಆಮೇಲೆ ಸಿಕ್ಕಿಬಿದ್ದರು ಎನ್ನುವುದು ಒಂದು ಸಾಧ್ಯತೆ. ಲೆಕ್ಕ ಒಪ್ಪಿಸಲೆಂದು ಬೇಕೆಂದೇ ಉಳಿಸಿಕೊಂಡರು ಎನ್ನುವುದು ಇನ್ನೊಂದು. ಜಪ್ತಿಯ ಮೇಲೆ ಅಷ್ಟು ಒತ್ತು ಕೊಟ್ಟ ಆಜ್ಞೆಯ ಹಿನ್ನೆಲೆಯಲ್ಲಿ ಎರಡನೆಯದೇ ಹೆಚ್ಚು ಒಪ್ಪುತ್ತದೆ. ಎಲ್ಲರನ್ನೂ ಒಂದೇ ದಿನ ಕೊಂದು ಮುಗಿಸಿದರೆ ಖಜಾನೆಯ ದಾರಿ ತೋರಿಸುವವರು ಯಾರು?

ದಿನಾಂಕ ಮತ್ತು ಸಮಾಧಿ

ಲಾರೆನ್ಸರ ಹೆಸರು ಸಿಗುವ ಅತಿ ಹಳೆಯ ದಾಖಲೆ ಒಂದೇ ಸಾಲಿನದು. 354ರಲ್ಲಿ, ಫಿಲೋಕಾಲುಸ್ ಎಂಬ ಲಿಪಿಕಾರನ ಕೈಯಲ್ಲಿ ಸಿದ್ಧವಾದ ರೋಮನ್ ಪಂಚಾಂಗವೊಂದರಲ್ಲಿ ರಕ್ತಸಾಕ್ಷಿಗಳ (ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ) ಸಮಾಧಿದಿನಗಳ ಪಟ್ಟಿಯಿದೆ. ಅಲ್ಲಿ ಬರೆದಿರುವುದು ಇಷ್ಟೇ: ಆಗಸ್ಟ್ ಈಡೆಸ್‌ಗೆ ನಾಲ್ಕನೆಯ ದಿನ, ಲಾರೆನ್ಸ್, ತಿಬುರ್ತೀನಾ ರಸ್ತೆಯಲ್ಲಿ.

ಈ ಬಗೆಯ ದಿನಾಂಕ ಓದುವಾಗ ಹೊಸಬರು ತಪ್ಪುವುದು ಎಣಿಕೆಯಲ್ಲಿ. ಆಗಸ್ಟ್‌ನ ಈಡೆಸ್ 13ನೇ ತಾರೀಖು. ರೋಮನ್ನರು ಹಿಂದಕ್ಕೆ ಎಣಿಸುವಾಗ ಆ ದಿನವನ್ನೂ ಸೇರಿಸಿಕೊಳ್ಳುತ್ತಿದ್ದರು: 13, 12, 11, 10. ನಾಲ್ಕನೆಯದು 10. ನಾವು ಕಳೆಯುವ ಹಾಗೆ 13ರಲ್ಲಿ 4 ಕಳೆದರೆ 9 ಬಂದು ಲೆಕ್ಕ ಕೆಡುತ್ತದೆ. ಸಿಕ್ಸ್ತುಸ್‌ರದು ಎಂಟನೆಯ ದಿನ, ಅಂದರೆ 6. ಇನ್ನೊಂದು ಎಚ್ಚರಿಕೆ: ಪಟ್ಟಿ ಹೇಳುವುದು ಹೂಳಿದ ದಿನ. ರಕ್ತಸಾಕ್ಷಿಗಳ ವಿಷಯದಲ್ಲಿ ಅದನ್ನೇ ಸತ್ತ ದಿನ ಎಂದು ಆಚರಿಸುವುದು ವಾಡಿಕೆ.

ಪಂಚಾಂಗ ಆ ಸಾವಿನಿಂದ ಸುಮಾರು ನೂರು ವರ್ಷ ಈಚಿನದು. ಹಾಗಿದ್ದೂ ಈ ಸಾಲನ್ನು ನಂಬುವುದಕ್ಕೆ ಕಾರಣವಿದೆ. ವರ್ಷವರ್ಷವೂ ಒಂದು ಗೊತ್ತಾದ ದಿನ, ಒಂದು ಗೊತ್ತಾದ ಗೋರಿಯ ಬಳಿ ಜನ ಸೇರುತ್ತಿದ್ದರು. ಕಥೆ ಬಾಯಿಂದ ಬಾಯಿಗೆ ಬದಲಾಗುತ್ತದೆ. ಹಬ್ಬದ ದಿನವನ್ನೂ ಗೋರಿಯ ಜಾಗವನ್ನೂ ಇಡೀ ಊರಿನ ಕಣ್ಣೆದುರು ಬದಲಾಯಿಸುವುದು ಕಷ್ಟ. ಪುರಾಣಗಳನ್ನು ಜಾಲಾಡಿದ ವಿದ್ವಾಂಸರು ಸಂತನೊಬ್ಬ ಇದ್ದನೋ ಇಲ್ಲವೋ ಎಂದು ನೋಡಲು ಮೊದಲು ಹುಡುಕುವುದು ಇವೆರಡನ್ನೇ. ಲಾರೆನ್ಸರಿಗೆ ಎರಡೂ ಇವೆ.

ನಾಲ್ಕು ಸಾಕ್ಷಿಗಳು, ನಾಲ್ಕು ಬಗೆ

ಪೋಪ್ ದಮಾಸುಸ್ (366–384) ರಕ್ತಸಾಕ್ಷಿಗಳ ಗೋರಿಗಳಿಗೆ ಪದ್ಯ ಕಟ್ಟಿಸಿ ಕಲ್ಲಿನಲ್ಲಿ ಕೆತ್ತಿಸಿದವರು. ಲಾರೆನ್ಸರಿಗೆ ಅವರು ಬರೆದದ್ದು ನಾಲ್ಕೇ ಸಾಲು: ಏಟು, ಕೊಲೆಗಡುಕರು, ಬೆಂಕಿ, ಹಿಂಸೆ, ಸಂಕೋಲೆ, ಇವನ್ನೆಲ್ಲ ಲಾರೆನ್ಸರ ವಿಶ್ವಾಸವೊಂದೇ ಗೆದ್ದಿತು. ಬೆಂಕಿ ಮೊದಲ ಸಲ ಕಾಣಿಸಿಕೊಳ್ಳುವುದು ಇಲ್ಲಿ, ಹಿಂಸೆಗಳ ಪಟ್ಟಿಯ ನಡುವೆ. ಜಾಲರಿಯಿಲ್ಲ, ಮಾತಿಲ್ಲ.

ಮಿಲಾನಿನ ಬಿಷಪ್ ಆಂಬ್ರೋಸ್‌ ಪುರೋಹಿತರ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಲಾರೆನ್ಸರು ಎರಡು ಕಡೆ ಬರುತ್ತಾರೆ. ಮೊದಲ ಭಾಗದಲ್ಲಿ ಕೊಲ್ಲಲು ಒಯ್ಯುತ್ತಿದ್ದ ಸಿಕ್ಸ್ತುಸ್‌ರನ್ನು ಕಂಡು ‘ತಂದೆಯೇ, ಮಗನನ್ನು ಬಿಟ್ಟು ಎಲ್ಲಿಗೆ ಹೊರಟಿರಿ’ ಎಂದು ಕೇಳುವುದು, ಮೂರು ದಿನ ಕಳೆದು ನೀನೂ ಬರುವೆ ಎಂಬ ಉತ್ತರ (7, 8, 9 ಕಳೆದರೆ 10, ಲೆಕ್ಕ ಕೂಡುತ್ತದೆ), ಜಾಲರಿಯ ಮೇಲಿನ ಮಾತು. ಎರಡನೆಯ ಭಾಗದಲ್ಲಿ ಸಂಪತ್ತಿನ ಕಥೆ. ಆಂಬ್ರೋಸ್‌ ಅದನ್ನು ಹೇಳುವ ಸಂದರ್ಭವನ್ನು ಬಿಟ್ಟು ಓದುವುದೇ ದೊಡ್ಡ ತಪ್ಪು. ರೋಮನ್ ಸೇನೆ ಗೋಥರ ಎದುರು ಕಂಡ 378ರ ಆಡ್ರಿಯಾನೋಪಲ್ ಸೋಲಿನ ಸುತ್ತಮುತ್ತಲ ವರ್ಷಗಳಲ್ಲಿ ಗೋಥರು ಸೆರೆಹಿಡಿದೊಯ್ದವರನ್ನು ಬಿಡಿಸಲು ಅವರು ಚರ್ಚಿನ ಪವಿತ್ರ ಪಾತ್ರೆಗಳನ್ನೇ ಕರಗಿಸಿ ಒತ್ತೆಹಣ ಕೊಟ್ಟಿದ್ದರು. ವಿರೋಧಿಗಳು ಹರಿಹಾಯ್ದರು. ಅದಕ್ಕೆ ಉತ್ತರವಾಗಿ ಅವರು ತಂದು ನಿಲ್ಲಿಸಿದ ಪೂರ್ವನಿದರ್ಶನ ಲಾರೆನ್ಸ್: ಚಿನ್ನವನ್ನು ಇಟ್ಟುಕೊಳ್ಳದೆ ಬಡವರಿಗೆ ಕೊಟ್ಟ ಡೀಕನ್. ಅಂದರೆ ಸಾಕ್ಷಿಗೆ ತನ್ನದೇ ಒಂದು ವ್ಯಾಜ್ಯವಿತ್ತು. ಆದರೆ ವಾದ ಗೆಲ್ಲಬೇಕಾದವನು ಕೇಳುಗರಿಗೆ ಗೊತ್ತೇ ಇಲ್ಲದ ಕಥೆಯನ್ನು ಪೂರ್ವನಿದರ್ಶನವಾಗಿ ತರುವುದಿಲ್ಲ. ಕಥೆ ಆಗಲೇ ಜನರಿಗೆ ಪರಿಚಿತವಾಗಿತ್ತು ಎಂದು ತಿಳಿಯಬೇಕು.

ಸ್ಪೇನಿನ ಕವಿ ಪ್ರುದೆಂತಿಯುಸ್ 400ರ ಆಸುಪಾಸಿನಲ್ಲಿ 584 ಸಾಲುಗಳ ಸ್ತೋತ್ರ ಬರೆದ. ನಾವು ಇಂದು ಕೇಳುವ ಕಥೆ ಹೆಚ್ಚುಕಡಿಮೆ ಇವನದು: ‘ಕೈಸರನದು ಕೈಸರನಿಗೆ’ ಎಂದು ಕ್ರಿಸ್ತರ ಮಾತನ್ನೇ ತಿರುಗಿಸಿ ನಾಣ್ಯ ಕೇಳುವ ಪ್ರಿಫೆಕ್ಟ್, ಮೂರು ದಿನದ ಗಡುವು, ಕುರುಡರು, ಕುಂಟರು, ಹುಣ್ಣಿನವರ ಸಾಲು. ಪ್ರಿಫೆಕ್ಟ್ ವಿಚಾರಣೆ ನಡೆಸಿದ ಎಂಬಲ್ಲಿ ಅವನು ಸರಿ. ಸಿಪ್ರಿಯನ್‌ರ ಪತ್ರಕ್ಕೆ ಅದು ಹೊಂದುತ್ತದೆ. ಆದರೆ ಸಿಕ್ಸ್ತುಸ್‌ರನ್ನು ಶಿಲುಬೆಗೇರಿಸಿದರು ಎನ್ನುತ್ತಾನೆ. ಅದು ತಪ್ಪು. ದಮಾಸುಸ್‌ರ ಪದ್ಯದಲ್ಲಿ ಸಿಕ್ಸ್ತುಸ್ ಕತ್ತಿಗೆ ಕೊರಳೊಡ್ಡಿದವರು.

ನಾಲ್ಕನೆಯದು, ಇನ್ನೂ ನೂರು ವರ್ಷಕ್ಕೂ ಈಚೆಗೆ ಹೆಣೆದ ಗದ್ಯಕಥೆ. ಅದರಲ್ಲಿ ಡೆಸಿಯುಸ್ ಚಕ್ರವರ್ತಿ, ವಲೇರಿಯನ್ ಅವನ ಕೈಕೆಳಗಿನ ಪ್ರಿಫೆಕ್ಟ್! ಡೆಸಿಯುಸ್ 251ರಲ್ಲೇ ಯುದ್ಧದಲ್ಲಿ ಸತ್ತಿದ್ದ. ಇಬ್ಬರು ಕಿರುಕುಳಗಾರರನ್ನು ಒಂದೇ ನಾಟಕದೊಳಗೆ ತಂದದ್ದರ ಫಲ ಇದು. ಕಾವಲುಗಾರ ಹಿಪ್ಪೋಲಿತುಸ್, ಸೈನಿಕ ರೊಮಾನುಸ್, ಶವಕ್ಕೆ ಜಾಗ ಕೊಟ್ಟ ಸಿರಿಯಾಕಾ, ಇವರೆಲ್ಲ ಕಥೆಗೆ ಸೇರಿಕೊಳ್ಳುವುದು ಇಲ್ಲಿ. ನವೇನದ (ಒಂಬತ್ತು ದಿನದ ಪ್ರಾರ್ಥನೆಯ) ಕಿರುಹೊತ್ತಿಗೆಗಳಲ್ಲಿ ಇಂದಿಗೂ ‘ಡೆಸಿಯುಸ್ ಚಕ್ರವರ್ತಿಯ ಮುಂದೆ’ ಎಂದು ಅಚ್ಚಾಗಿದ್ದರೆ ಅದರ ಮೂಲ ಈ ಗದ್ಯ. ತಿದ್ದುವವರು ‘ರೋಮಿನ ಪ್ರಿಫೆಕ್ಟ್‌ನ ಮುಂದೆ, ವಲೇರಿಯನ್ ಆಳ್ವಿಕೆಯಲ್ಲಿ’ ಎಂದು ಮಾಡಿದರೆ ಸಾಕು.

ಬೆಂಕಿಯ ಪ್ರಶ್ನೆ

ಜಾಲರಿಯನ್ನು ಒಪ್ಪದವರ ವಾದ ಸರಳ. ಆಜ್ಞೆ ಹೇಳಿದ್ದು ತಕ್ಷಣದ ಮರಣದಂಡನೆ, ಬೇಯಿಸಿ ಕೊಲ್ಲುವ ಕ್ರಮ ಅದರಲ್ಲಿಲ್ಲ. ಸಿಕ್ಸ್ತುಸ್ ಕತ್ತಿಯಿಂದ ಸತ್ತರು. ಸಿಪ್ರಿಯನ್‌ ಅದೇ ವರ್ಷ ಸೆಪ್ಟೆಂಬರ್ 14ರಂದು ಕಾರ್ಥೇಜಿನಲ್ಲಿ ಕತ್ತಿಯಿಂದ. ಲಾರೆನ್ಸರಿಗೂ ಹಾಗೆಯೇ ಆಗಿರಬೇಕು.

ಈ ವಾದ ಬಹುಕಾಲ ನಡೆದಿದೆ, ಆದರೆ ಅದರಲ್ಲೊಂದು ಬಿರುಕಿದೆ. 259ರ ಜನವರಿ 21ರಂದು, ಇದೇ ವಲೇರಿಯನ್‌ನ ಇದೇ ಕಿರುಕುಳದಲ್ಲಿ, ಸ್ಪೇನಿನ ತಾರಗೋನಾ ನಗರದ ಬಿಷಪ್ ಫ್ರುಕ್ತುವೋಸುಸ್ ಮತ್ತು ಅವರ ಇಬ್ಬರು ಡೀಕನ್‌ಗಳಾದ ಔಗುರಿಯುಸ್, ಯುಲೋಗಿಯುಸ್‌ರನ್ನು ಅಲ್ಲಿನ ಆಂಫಿಥಿಯೇಟರಿನಲ್ಲಿ ಜೀವಂತ ಸುಟ್ಟರು. ಅವರ ವಿಚಾರಣೆಯ ಬರಹವನ್ನು ವಿದ್ವಾಂಸರು ಮೂಲಕ್ಕೆ ಹತ್ತಿರದ್ದೆಂದೇ ಮಾನ್ಯ ಮಾಡುತ್ತಾರೆ. ಐದೂವರೆ ತಿಂಗಳ ಅಂತರದಲ್ಲಿ, ಅದೇ ಆಜ್ಞೆಯ ಕೆಳಗೆ, ಡೀಕನ್‌ಗಳನ್ನು ಬೆಂಕಿಗೆ ಹಾಕಿದ ಅಧಿಕಾರಿ ಇದ್ದ. ಜೊತೆಗೆ, ಹಣದ ಗುಟ್ಟು ಹೊರಡಿಸಲು ಚಿತ್ರಹಿಂಸೆ ಕೊಡುವುದು ರೋಮನ್ ವಿಚಾರಣೆಯಲ್ಲಿ ಹೊಸದಲ್ಲ. ಆದ್ದರಿಂದ ನ್ಯಾಯವಾಗಿ ಹೇಳಬಹುದಾದದ್ದು ಇಷ್ಟು: ಬೆಂಕಿ ಸಾಧ್ಯ, ಜಾಲರಿ ಆಂಬ್ರೋಸ್‌ಗಿಂತ ಹಿಂದಿನ ಬರಹದಲ್ಲಿ ಸಿಗುವುದಿಲ್ಲ, ತಮಾಷೆಯ ಮಾತನ್ನು ವರದಿ ಎಂದು ಓದದೆ ಆ ಕಾಲದ ಜನ ತಮ್ಮ ಸಂತನ ಬಾಯಲ್ಲಿ ಕೇಳಬಯಸಿದ ಮಾತು ಎಂದು ಓದುವುದು ಲೇಸು.

ಚಿತ್ರ ನೋಡಿ ಗುರುತಿಸುವವರಿಗೂ ಇಲ್ಲೊಂದು ಗೊಂದಲ ಕಾದಿದೆ. ಸಾರಗೋಸಾದ ಡೀಕನ್ ವಿನ್ಸೆಂಟರೂ (304) ಕಥೆಯ ಪ್ರಕಾರ ಜಾಲರಿಯ ಮೇಲೆ ಹಿಂಸೆ ಅನುಭವಿಸಿದವರು. ರಾವೆನ್ನಾದಲ್ಲಿ ಗಾಲಾ ಪ್ಲಾಸಿದಿಯಾ ಸ್ಮಾರಕ ಎಂದು ಕರೆಯುವ 5ನೇ ಶತಮಾನದ ಕಟ್ಟಡದ ಮೊಸಾಯಿಕ್‌ನಲ್ಲಿ ಉರಿಯುವ ಜಾಲರಿ ಇದೆ, ಒಂದು ಪಕ್ಕ ಹೆಗಲ ಮೇಲೆ ಶಿಲುಬೆ ಹೊತ್ತು ಕೈಯಲ್ಲಿ ಪುಸ್ತಕ ಹಿಡಿದ ಸಂತ, ಇನ್ನೊಂದು ಪಕ್ಕ ನಾಲ್ಕು ಶುಭಸಂದೇಶಗಳಿಟ್ಟ ಕಪಾಟು. ಬಹುಮತ ಲಾರೆನ್ಸರ ಕಡೆಗಿದೆ, ಕೆಲವರು ಪುಸ್ತಕಗಳ ಕಾರಣಕ್ಕೆ ವಿನ್ಸೆಂಟ್ ಎನ್ನುತ್ತಾರೆ.

ಗೋರಿಯ ಸುತ್ತ ಬೆಳೆದದ್ದು

260ರಲ್ಲಿ ವಲೇರಿಯನ್ ಪರ್ಷಿಯದ ದೊರೆ ಶಾಪುರನ ಕೈಗೆ ಸೆರೆಸಿಕ್ಕ. ಮಗ ಗಾಲಿಯೇನುಸ್ ಕಿರುಕುಳ ನಿಲ್ಲಿಸಿ ಚರ್ಚಿನ ಆಸ್ತಿ ಹಿಂದಿರುಗಿಸಿದ. 4ನೇ ಶತಮಾನದಲ್ಲಿ ಕಾನ್‌ಸ್ಟಂಟೈನ್ ಆಳ್ವಿಕೆಯಲ್ಲಿ ತಿಬುರ್ತೀನಾ ರಸ್ತೆಯ ವೆರಾನೋ ಬಯಲಿನಲ್ಲಿ, ಗೋರಿಗೆ ಸಮೀಪವೇ, ನೂರು ಮೀಟರಿಗೆ ಹತ್ತಿರದ ಉದ್ದದ ಬೆಸಿಲಿಕಾ (ದೊಡ್ಡ ಚರ್ಚು) ಎದ್ದಿತು. ಗೋರಿ ಗುಡ್ಡದೊಳಗಿತ್ತು, ಮೆಟ್ಟಿಲು ಇಳಿದು ನೋಡಿ ಬರಬೇಕು. ಪೋಪ್ ಎರಡನೇ ಪೆಲಾಜಿಯುಸ್ (579–590) ಗುಡ್ಡವನ್ನೇ ಕಡಿಸಿ ಗೋರಿಯ ಮೇಲೆ ಹೊಸ ಚರ್ಚು ಕಟ್ಟಿಸಿದರು. ಈ ಕಾಲದ ಒಂದು ಅವಘಡವನ್ನು ಪೋಪ್ ಮಹಾ ಗ್ರೆಗೊರಿ 594ರಲ್ಲಿ ಸಾಮ್ರಾಜ್ಞಿ ಕಾನ್‌ಸ್ತಾಂತೀನಾಗೆ ಬರೆದಿದ್ದಾರೆ: ಗೋರಿ ಎಲ್ಲಿದೆಯೆಂದು ತಿಳಿಯದೆ ಅಗೆಯುತ್ತಿದ್ದಾಗ ಅದು ತೆರೆದುಕೊಂಡಿತು, ದೇಹವನ್ನು ಕಂಡವರು, ಮುಟ್ಟದಿದ್ದರೂ, ಹತ್ತು ದಿನದೊಳಗೆ ಸತ್ತರು. ಸಾಮ್ರಾಜ್ಞಿ ಕೇಳಿದ್ದು ಸಂತ ಪೌಲರ ತಲೆಬುರುಡೆ. ಕೊಡುವುದಿಲ್ಲ ಎನ್ನಲು ಗ್ರೆಗೊರಿ ಬಳಸಿದ ನೆಪಗಳಲ್ಲಿ ಇದೂ ಒಂದು ಎಂಬುದನ್ನು ಮರೆಯಬಾರದು.

ಪೋಪ್ ಮೂರನೇ ಹೊನೋರಿಯುಸ್ (1216–1227) ಕಾಲದಲ್ಲಿ ಪೆಲಾಜಿಯುಸ್‌ರ ಕಟ್ಟಡವನ್ನು ಗರ್ಭಭಾಗವಾಗಿಸಿ ಮುಂದೆ ಉದ್ದಕ್ಕೆ ಇನ್ನೊಂದು ಕಟ್ಟಿದರು. ಇಂದು ಕಾಣುವ ಚರ್ಚು ಅದೇ. 1943ರ ಜುಲೈ 19ರಂದು ಮಿತ್ರರಾಷ್ಟ್ರಗಳ ವಿಮಾನಗಳು ರೈಲು ಯಾರ್ಡಿನ ಮೇಲೆ ಹಾಕಿದ ಬಾಂಬು ಇದರ ಮುಂಭಾಗವನ್ನೂ ಚಾವಣಿಯನ್ನೂ ಉರುಳಿಸಿತು. ಹಳೆಯ ಕಲ್ಲುಗಳನ್ನೇ ಆದಷ್ಟು ಹೆಕ್ಕಿ ಮತ್ತೆ ನಿಲ್ಲಿಸಿದರು.

ಹಬ್ಬದ ದಿನವೂ ಅದರದೇ ದಾರಿಯಲ್ಲಿ ನಡೆಯಿತು. 955ರ ಆಗಸ್ಟ್ 10ರಂದು ಲೆಖ್‌ಫೆಲ್ಡ್‌ನಲ್ಲಿ ಜರ್ಮನ್ ದೊರೆ ಮೊದಲನೇ ಒಟ್ಟೋ ಮಗ್ಯಾರರನ್ನು (ಹಂಗೇರಿಯನ್ನರನ್ನು) ಸೋಲಿಸಿದ. 1500ರಲ್ಲಿ ಅದೇ ದಿನ ಮಡಗಾಸ್ಕರ್ ಕಂಡ ಪೋರ್ಚುಗೀಸ್ ನಾವಿಕ ದಿಯೋಗೋ ದಿಯಸ್ ಅದಕ್ಕೆ ಸಾವೊ ಲೊರೆನ್ಸೊ ಎಂದು ಹೆಸರಿಟ್ಟ. 1535ರಲ್ಲಿ ಜಾಕ್ ಕಾರ್ತಿಯೇ ಕೆನಡಾದ ಒಂದು ಕೊಲ್ಲಿಗೆ ಇಟ್ಟ ಸೇಂಟ್ ಲಾರೆನ್ಸ್ ಎಂಬ ಹೆಸರು ಆಮೇಲೆ ಮಹಾನದಿಗೂ ಹಬ್ಬಿತು. 1557ರ ಆಗಸ್ಟ್ 10ರ ಸೇಂಟ್ ಕ್ವೆಂಟಿನ್ ಗೆಲುವಿನ ನೆನಪಿಗೆ ಸ್ಪೇನಿನ ದೊರೆ ಎರಡನೇ ಫಿಲಿಪ್ ಎಸ್ಕೋರಿಯಲ್ ಅರಮನೆ-ಮಠ (1563–1584) ಕಟ್ಟಿಸಿದ; ಅದರ ನಕ್ಷೆಯಲ್ಲಿ ಜನ ಜಾಲರಿಯನ್ನು ಕಾಣುತ್ತಾರೆ.

ಅತ್ತೂರು

ಕನ್ನಡನಾಡಿನಲ್ಲಿ ಈ ಸಂತನ ಹೆಸರು ಹೆಚ್ಚು ಕೇಳುವುದು ಕಾರ್ಕಳದ ಅತ್ತೂರಿನಲ್ಲಿ. ಅಲ್ಲಿ ಮೊದಲ ಚರ್ಚು ಆದದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅದು ನೆಲಸಮವಾಯಿತು. 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಮತ್ತೆ ಬೇರೂರಲು ದಶಕಗಳು ಹಿಡಿದವು. ಚರ್ಚಿಗೆ ಜಾಗ ಹುಡುಕುತ್ತ ಲಾರೆನ್ಸರ ಮರದ ಸಣ್ಣ ಪ್ರತಿಮೆಯನ್ನು ಹೊತ್ತು ಹೊರಟವರು ಪರ್ಪಲೆ ಗುಡ್ಡದ ಬುಡದಲ್ಲಿ ಒರತೆಯ ಬಳಿ ಇಳಿಸಿದರು, ಮತ್ತೆ ಎತ್ತಿದರೆ ಪ್ರತಿಮೆ ಅಲುಗಲಿಲ್ಲ ಎಂಬುದು ಅಲ್ಲಿನ ಐತಿಹ್ಯ. ಕರಾವಳಿಯ ದೇವಸ್ಥಾನಗಳ ಸ್ಥಳಪುರಾಣ ಬಲ್ಲವರಿಗೆ ಇದು ಅಪರಿಚಿತ ಧಾಟಿಯಲ್ಲ. 1839ರಲ್ಲಿ ಅಲ್ಲಿ ಚರ್ಚು ಎದ್ದಿತು, ಒರತೆ ಪುಷ್ಕರಿಣಿಯಾಯಿತು.

ಆಗಸ್ಟ್ 10 ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಬೀಳುತ್ತದೆ. ಅತ್ತೂರಿನ ಜಾತ್ರೆ, ಊರವರ ಬಾಯಲ್ಲಿ ಸಾಂತ್‌ಮಾರಿ, ನಡೆಯುವುದು ಜನವರಿಯಲ್ಲಿ, ಐದು ದಿನ. ಬಲಿಪೂಜೆ ಕೊಂಕಣಿಯಲ್ಲೂ ಕನ್ನಡದಲ್ಲೂ. ಮೇಣದಬತ್ತಿ ಹಚ್ಚುವವರಲ್ಲಿ, ಪುಷ್ಕರಿಣಿಯ ನೀರು ಒಯ್ಯುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ. ರೋಗಿಗಳಿಗಾಗಿ ಪ್ರಾರ್ಥನೆ ಈ ದಿನಗಳ ಮುಖ್ಯ ಭಾಗ. 2016ರ ಆಗಸ್ಟ್ 1ರಂದು ಈ ಪುಣ್ಯಕ್ಷೇತ್ರವನ್ನು ಕಿರಿಯ ಬೆಸಿಲಿಕಾ (ಪೋಪ್ ಕೊಡುವ ಗೌರವ ಪದವಿ) ಎಂದು ಘೋಷಿಸಲಾಯಿತು, ಬೆಂಗಳೂರು ಶಿವಾಜಿನಗರದ ಸಂತ ಮೇರಿಯ ಬಳಿಕ ರಾಜ್ಯದಲ್ಲಿ ಎರಡನೆಯದಾಗಿ.